60 ಲೀಟರ್ ಟ್ಯಾಂಕಿನಲ್ಲಿ ಹವಳ ಸಾಕಬಹುದಾ? ಮೊದಲು ಅಡುಗೆಮನೆ ಫಿಲ್ಟರ್ ನೋಡಿ

ಉಪ್ಪುನೀರಿನ ಅಕ್ವೇರಿಯಂಗೆ 60 ಲೀಟರ್ ಟ್ಯಾಂಕ್, ಎರಡು ಕ್ಲೌನ್ ಫಿಶ್, ಒಂದು ನೀಲಿ ಟ್ಯಾಂಗ್ ಮೀನು, ಒಂದಷ್ಟು ಹವಳ. ಯಾವ ಲೈಟ್, ನೀರಿನ ಕೊಳೆಯನ್ನು ನೊರೆಯಲ್ಲಿ ಎತ್ತಿ ತೆಗೆಯುವ ಯಾವ ಸ್ಕಿಮ್ಮರ್ ಕೊಳ್ಳಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. ಏಳು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ಲೈಟಿನ ಬಗ್ಗೆ ತಿಂಗಳುಗಟ್ಟಲೆ ಓದಿದ್ದೆ. ನೀರು ನಲ್ಲಿಯಲ್ಲಿ ಬರುತ್ತೆ, ಅದರಲ್ಲಿ ಓದೋಕೆ ಏನಿದೆ ಅಂದುಕೊಂಡಿದ್ದೆ.

ಹುಚ್ಚು ಹತ್ತಿದ್ದು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗ್ ಮಾಡಿದ ಮೇಲೆ. ಬೆಂಗಳೂರಿಗೆ ವಾಪಸ್ ಬಂದವಳೇ ಮೂರಡಿ ಟ್ಯಾಂಕ್ ಮಾಡಿಸಿದೆ. ಕಲ್ಲು, ಮರಳು ಬಿಟ್ಟರೆ 150 ಲೀಟರ್ ನೀರು ಹಿಡಿಯುತ್ತಿತ್ತು. ಸಮುದ್ರದ ಉಪ್ಪಿನ ಮಿಶ್ರಣ ತಂದು ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಕಲಸಿದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬಂತು, ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ. ಜೀವಿಗಳಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲಿ ಅಂತ ಆರು ವಾರ ಕಾದೆ. ಆಮೇಲೆ ಎರಡು ಕ್ಲೌನ್, ಆರು ಟರ್ಬೋ ಬಸವನಹುಳು, ಎರಡು ಕ್ಲೀನರ್ ಸಿಗಡಿ, ಕೊನೆಗೆ ಝೋವಾಂಥಿಡ್ ಮತ್ತು ಮಶ್ರೂಮ್ ಅನ್ನೋ ಮೆತ್ತನೆಯ ಹವಳಗಳು. ಪುಸ್ತಕದಲ್ಲಿ ಬರೆದ ಹಾಗೆ.

ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿದ ಲವಣಗಳ ಮಿಲಿಗ್ರಾಂ ಲೆಕ್ಕ, 800ರ ಮೇಲೆ. ಅದು ಬೇಡ ಅನ್ನುವಷ್ಟು ಬುದ್ಧಿ ಇತ್ತು. ಅಡುಗೆಮನೆ ಆರ್‌ಓ ಫಿಲ್ಟರಿನಿಂದ ನೀರು ಹಿಡಿದೆ. ಟಿಡಿಎಸ್ ಪೆನ್ನು 40 ತೋರಿಸಿತು. "ನಾವು ಕುಡಿಯೋ ನೀರನ್ನೇ ಕೊಡ್ತಿದೀಯಲ್ಲೇ, ಇನ್ನೇನು ಬೇಕಂತೆ ಅವಕ್ಕೆ?" ಅಂದರು ಅತ್ತೆ. ಅಲ್ವಾ ಅನ್ನಿಸಿತು.

ಏಪ್ರಿಲ್ ಬಂತು. ಟ್ಯಾಂಕ್ 30 ಡಿಗ್ರಿ ದಾಟತೊಡಗಿತು. ನೀರು ತಣ್ಣಗಾಗಿಸುವ ಚಿಲ್ಲರಿಗೆ ದುಡ್ಡಿರಲಿಲ್ಲ, ಎರಡು ಪುಟ್ಟ ಫ್ಯಾನ್ ಸಿಕ್ಕಿಸಿದೆ. 27ಕ್ಕೆ ಇಳಿಯಿತು. ಆದರೆ ಫ್ಯಾನ್ ತಂಪು ಮಾಡೋದೇ ನೀರನ್ನು ಆರಿಸಿ. ದಿನಕ್ಕೆ ಎರಡೂವರೆ ಲೀಟರ್ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಕಾಫಿಗೆ ನೀರು ಹಿಡಿಯುವಾಗ ಟ್ಯಾಂಕಿಗೂ ಒಂದು ಜಗ್ ಹಿಡಿದು ಸುರಿಯುತ್ತಿದ್ದೆ.

ಮೇ ನಡುವಿಗೆ ಬಸವನಹುಳುಗಳು ಗಾಜಿನಿಂದ ಕಳಚಿ ಬೀಳತೊಡಗಿದವು. ನೆಟ್ಟಗೆ ಇಟ್ಟರೆ ಮತ್ತೆ ಮಗುಚಿಕೊಳ್ಳುತ್ತಿದ್ದವು. ಒಂದು ಸಿಗಡಿ ಪೊರೆ ಬಿಡುವಾಗಲೇ ಸತ್ತಿತು, ಇನ್ನೊಂದು ಮೂರು ದಿನಕ್ಕೆ. ಹವಳಗಳು ಮುಚ್ಚಿಕೊಂಡವು, ವಾರ ಕಳೆದರೂ ತೆರೆಯಲಿಲ್ಲ. ಮೀನುಗಳು ಮಾತ್ರ ಆರಾಮಾಗಿ ತಿಂದುಂಡು ಓಡಾಡಿಕೊಂಡಿದ್ದವು. ಮೀನು ಚೆನ್ನಾಗಿದೆ ಅಂದಮೇಲೆ ನೀರೂ ಚೆನ್ನಾಗಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅಂಗಡಿಯವರು ನೈಟ್ರೇಟ್ ಜಾಸ್ತಿಯಾಗಿದೆ, ದೊಡ್ಡ ಸ್ಕಿಮ್ಮರ್ ಹಾಕಿ, ವಾರಕ್ಕೆ ಕಾಲು ಭಾಗ ನೀರು ಬದಲಿಸಿ ಅಂದರು. ಎರಡೂ ಮಾಡಿದೆ. ಹೊಸ ನೀರೂ ಅದೇ ಫಿಲ್ಟರಿನದು.

ಜುಲೈನಲ್ಲಿ ಫಿಲ್ಟರ್ ಸರ್ವಿಸ್ ಹುಡುಗ ಬಂದ. ಮುಚ್ಚಳ ತೆಗೆದು ನೋಡಿ, "ಮೇಡಂ, ಯುಗಾದಿ ಹೊತ್ತಲ್ಲಿ ಹಾಕಿದ್ದೆನಲ್ಲ ಕಾಪರ್ ಕಾರ್ಟ್ರಿಜ್, ಇನ್ನೂ ಚೆನ್ನಾಗಿದೆ. ತಾಮ್ರದ ಚೊಂಬಲ್ಲಿಟ್ಟ ನೀರಿನ ಥರಾನೇ, ಆರೋಗ್ಯಕ್ಕೆ ಒಳ್ಳೇದು" ಅಂದ. ಆಗ ನನ್ನ ಕೈಯಲ್ಲಿ ಟ್ಯಾಂಕಿಗೆ ಅಂತ ಹಿಡಿದ ಜಗ್ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದು ಆವಿಯಾಗುವುದಿಲ್ಲ. ಅದಕ್ಕೇ ಕಡಿಮೆಯಾದಷ್ಟು ಸಿಹಿನೀರನ್ನೇ ಹಾಕಬೇಕು, ಉಪ್ಪುನೀರಲ್ಲ. ಇದು ನನಗೆ ಗೊತ್ತಿತ್ತು. ಉಪ್ಪಿಗೆ ಅನ್ವಯಿಸುವ ಮಾತು ತಾಮ್ರಕ್ಕೂ ಅನ್ವಯಿಸುತ್ತೆ ಅಂತ ಹೊಳೆಯಲಿಲ್ಲ. ದಿನಕ್ಕೆ ಎರಡೂವರೆ ಲೀಟರ್ ಅಂದರೆ 60 ದಿನಕ್ಕೆ 150 ಲೀಟರ್. ಇಡೀ ಟ್ಯಾಂಕಿನಷ್ಟು ನೀರು ಗಾಳಿಗೆ ಹೋಗಿ, ಅಷ್ಟೂ ನೀರಿನ ತಾಮ್ರ ಒಳಗೇ ಉಳಿದಿತ್ತು. ಸ್ವಲ್ಪ ನೀರಲ್ಲಿ, ಉಳಿದದ್ದು ಕಲ್ಲಲ್ಲಿ, ಮರಳಲ್ಲಿ. ನಮ್ಮ ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಸರಿ ಅನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 1.5ರವರೆಗೂ ಬಿಡುತ್ತದೆ. ಸಮುದ್ರದ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿ ಹಾಕುವ ತಾಮ್ರದ ಔಷಧಿಯೇ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ನಾನು ತಾಮ್ರ ಅಳೆಯುವ ಕಿಟ್ ತರಿಸಿ ನೋಡಿದಾಗ ಬಣ್ಣ 0.1ಕ್ಕೂ 0.2ಕ್ಕೂ ನಡುವೆ ನಿಂತಿತು. ಮೀನಿಗೆ ಔಷಧಿ, ಸಿಗಡಿಗೂ ಹವಳಕ್ಕೂ ವಿಷ. ಸಿಗಡಿಯ ರಕ್ತದಲ್ಲೇ ತಾಮ್ರ ಇರುತ್ತದೆ ಅನ್ನೋದು ಇನ್ನೊಂದು ತಮಾಷೆ. ಅದಕ್ಕೆ ಬೇಕಾದದ್ದಕ್ಕಿಂತ ಚೂರು ಜಾಸ್ತಿಯಾದರೂ ತಡೆಯೋದಿಲ್ಲ. ಟಿಡಿಎಸ್ ಪೆನ್ನು ಇದನ್ನೆಲ್ಲ ಹೇಳೋದಿಲ್ಲ. ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತೆ, ಏನು ಕರಗಿದೆ ಅಂತಲ್ಲ.

ಆ ಕಲ್ಲುಗಳು ಈಗಲೂ ಟೆರೇಸಿನ ಮೂಲೆಯಲ್ಲಿ ಬಿದ್ದಿವೆ. ತಾಮ್ರ ಕುಡಿದ ಕಲ್ಲು ನಿಧಾನಕ್ಕೆ ಅದನ್ನು ವಾಪಸ್ ಬಿಡುತ್ತೆ, ಮತ್ತೆ ಬಳಸುವ ಧೈರ್ಯ ಬರಲಿಲ್ಲ.

ಈಗ ನಿಮ್ಮ ವಿಷಯ. ಲೈಟ್ ದುಡ್ಡಲ್ಲಿ ಮೊದಲು ಟ್ಯಾಂಕಿಗೇ ಅಂತ ಒಂದು ಆರ್‌ಓ ತಗೊಳ್ಳಿ. ಕಾಪರ್, ಮಿನರಲ್, ಟಿಡಿಎಸ್ ಅಡ್ಜಸ್ಟರ್ ಯಾವುದೂ ಬೇಡ. ಕೊನೆಯಲ್ಲಿ ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಇರಬೇಕು, ಟಿಡಿಎಸ್ ಪೆನ್ನು ಸೊನ್ನೆ ತೋರಿಸಬೇಕು. ಸೊನ್ನೆ ಅಂದರೆ ಸೊನ್ನೆ, 5 ಅಲ್ಲ. 60 ಲೀಟರಿಗೆ ಸ್ಕಿಮ್ಮರ್ ಬೇಡವೇ ಬೇಡ, ವಾರಕ್ಕೆ ಆರು ಲೀಟರ್ ಬದಲಿಸಿದರೆ ಸಾಕು. ಮಲ್ಪೆಯಿಂದ ಕ್ಯಾನಲ್ಲಿ ಸಮುದ್ರದ ನೀರು ತರಿಸೋ ಯೋಚನೆ ಬಂದೇ ಬರುತ್ತೆ, ನನಗೂ ಬಂದಿತ್ತು. ದಡದ ನೀರಿಗೆ ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪು ಏರುಪೇರಾಗುತ್ತೆ. ಬಿಡಿ.

ಚಿಕ್ಕ ಟ್ಯಾಂಕ್ ಸುಲಭ ಅನ್ನೋದನ್ನು ನಾನು ಒಪ್ಪುವುದಿಲ್ಲ. ನಿಮ್ಮದರಲ್ಲಿ ನಿಜವಾಗಿ ಹಿಡಿಯೋದು 50 ಲೀಟರ್. ಬೇಸಿಗೆಯಲ್ಲಿ ಎರಡು ದಿನ ಮದುವೆಗೆ ಹೋಗಿ ಬನ್ನಿ, ಎರಡು ಲೀಟರ್ ಆರಿ ಉಪ್ಪು ಸಾವಿರ ಪಾಲಿಗೆ 35ರಿಂದ 36.5ರ ಹತ್ತಿರ ಹೋಗಿರುತ್ತೆ. ಆಗುವುದಾದರೆ ಇದರ ಎರಡರಷ್ಟು ದೊಡ್ಡದು ಮಾಡಿಸಿ. ನೀಲಿ ಟ್ಯಾಂಗ್ ಒಂದಡಿ ಬೆಳೆಯುವ ಮೀನು, ಅದನ್ನು ಮರೆತುಬಿಡಿ. ಕ್ಲೌನ್ ಸಾಕು, ಸಾಕಾಣಿಕೆಯಲ್ಲೇ ಹುಟ್ಟಿದ್ದನ್ನು ಕೇಳಿ ತಗೊಳ್ಳಿ. ಸಮುದ್ರದಲ್ಲಿ ಅದು ಅಡಗಿ ಬದುಕುವ ಅನಿಮೋನ್ ಅನ್ನೋ ಜೀವಿ ಟ್ಯಾಂಕಿನಲ್ಲೂ ಬೇಕೇ ಬೇಕು ಅಂತೇನೂ ಇಲ್ಲ. ಕಲ್ಲಿನಂಥ ಅಸ್ಥಿ ಕಟ್ಟುವ ಗಟ್ಟಿ ಹವಳಗಳ ತಂಟೆಗೆ ಹೋಗಬೇಡಿ. ನಮ್ಮ ಸಮುದ್ರದವು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಅಂದರೆ ಹುಲಿಯ ಜೊತೆ. ಎಲ್ಲಿಂದ ತಂದದ್ದು ಅಂತ ಕೇಳಿದಾಗ ಅಂಗಡಿಯವನು ಮಾತು ಹಾರಿಸಿದರೆ ಎದ್ದು ಬನ್ನಿ.

ನನ್ನ ಆ ಎರಡು ಕ್ಲೌನ್‌ಗಳು ಇನ್ನೂ ಇವೆ. ಕೈ ಹಾಕಿದರೆ ಕಚ್ಚುತ್ತವೆ.

ನಿಮ್ಮ ಅಡುಗೆಮನೆ ಫಿಲ್ಟರಿನ ಮುಚ್ಚಳ ತೆಗೆದು ಒಳಗಿನ ಕಾರ್ಟ್ರಿಜ್‌ಗಳ ಫೋಟೋ ಹಾಕಿ. ಲೈಟಿನ ವಿಷಯ ಆಮೇಲೆ ಮಾತಾಡೋಣ.