ಮಂಗಳೂರಿನ ಪಂಪ್‌ವೆಲ್ ಬಸ್ ನಿಲ್ದಾಣ ಇನ್ನೂ ಯಾಕೆ ಆಗಿಲ್ಲ? ತಪ್ಪು ಕಾಂಗ್ರೆಸ್ಸಿನದಾ, ಬಿಜೆಪಿಯದಾ?

ಮಂಗಳೂರಿನವನಾಗಿ ಹೇಳುತ್ತೇನೆ, ಈ ಜಗಳ ಕೇಳಿ ಕೇಳಿ ಸಾಕಾಗಿದೆ.

2013ರಿಂದ ಪಾಲಿಕೆ ಕಾಂಗ್ರೆಸ್ ಕೈಯಲ್ಲಿತ್ತು. 2019ರ ನವೆಂಬರ್ ಚುನಾವಣೆಯಲ್ಲಿ 60ರಲ್ಲಿ 44 ವಾರ್ಡ್ ಬಿಜೆಪಿ ಗೆದ್ದಿತು. ಶಾಸಕರೂ ಅಷ್ಟೇ: ಬಿಜೆಪಿಯ ಯೋಗೀಶ್ ಭಟ್, ಆಮೇಲೆ ಕಾಂಗ್ರೆಸ್ಸಿನ ಜೆ.ಆರ್. ಲೋಬೊ, 2018ರಿಂದ ಬಿಜೆಪಿಯ ವೇದವ್ಯಾಸ ಕಾಮತ್. ರಾಜ್ಯ ಸರ್ಕಾರವೂ ಈ ನಡುವೆ ಅತ್ತಿಂದಿತ್ತ ಹೋಗಿ ಬಂತು. ಹಾಗಾಗಿ ಯಾರು ಯಾರನ್ನು ಬೈದರೂ ಅರ್ಧ ನಿಜ ಅಂತೂ ಇರುತ್ತದೆ.

ಪಕ್ಕದ ಫ್ಲೈಓವರ್ ಜೊತೆ ಇದನ್ನು ಹೋಲಿಸುವವರು ಜಾಸ್ತಿ. ಅದೂ ವರ್ಷಗಟ್ಟಲೆ ಎಳೆದು, ಟ್ರೋಲ್ ಪೇಜುಗಳಿಗೆ ಹೊಟ್ಟೆ ತುಂಬಿಸಿ, 2020ರ ಜನವರಿ 31ಕ್ಕೆ ತೆರೆಯಿತು. ಆದರೆ ಅದು ಹೆದ್ದಾರಿಯ ಕೆಲಸ. ನಿಲ್ದಾಣದ ಕತೆಯೇ ಬೇರೆ, ಅದು ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವದ) ಯೋಜನೆ. ಅಂದರೆ ಖಾಸಗಿಯವರು ತಮ್ಮ ದುಡ್ಡು ಹಾಕಿ ಕಟ್ಟಬೇಕು, ಇಂತಿಷ್ಟು ವರ್ಷ ಬಾಡಿಗೆ ತಿನ್ನಬೇಕು, ಆಮೇಲೆ ಬಿಟ್ಟುಕೊಡಬೇಕು. ಬಸ್ ನಿಲ್ಲುವ ಜಾಗದಿಂದ ಅವರಿಗೆ ಏನು ಸಿಗುತ್ತದೆ? ಲಾಭ ಇರುವುದು ಮೇಲಿನ ಮಳಿಗೆ, ಆಫೀಸು, ಪಾರ್ಕಿಂಗಲ್ಲಿ. ಪಾಂಡೇಶ್ವರದಲ್ಲಿ, ಕೆ.ಎಸ್. ರಾವ್ ರಸ್ತೆಯಲ್ಲಿ ಆಗಲೇ ಮಾಲ್ ಇರುವಾಗ ಪಂಪ್‌ವೆಲ್‌ನಲ್ಲಿ ಇನ್ನೊಂದಕ್ಕೆ ಬಾಡಿಗೆದಾರರು ಸಿಗುತ್ತಾರಾ ಅಂತ ಅವರು ಲೆಕ್ಕ ಹಾಕದೆ ಇರುತ್ತಾರಾ? ಹಂಪನಕಟ್ಟೆಯ ಹಳೇ ಬಸ್ ಸ್ಟ್ಯಾಂಡ್ ಜಾಗದ ಬಹುಮಹಡಿ ಪಾರ್ಕಿಂಗ್ ನೋಡಿ. ಅದೂ ಪಿಪಿಪಿ. ಹೊಂಡ ತೋಡಿದ್ದು ಬೇಗ, ಮೇಲೆದ್ದದ್ದು ಬೇಗ ಅಲ್ಲ.

ಪತ್ರಿಕಾಗೋಷ್ಠಿಗಳಲ್ಲಿ ಟೆಂಡರ್ ಶರತ್ತಿನ ಮಾತು ಬರುವುದು ಕಡಿಮೆ. "ನಮ್ಮ ಕಾಲದಲ್ಲಿ ತಂದದ್ದು, ಅವರು ಹಾಳು ಮಾಡಿದರು" ಅಂದುಬಿಟ್ಟರೆ ಸುಲಭ ಅಲ್ವಾ?

ನನಗೆ ಕಾಡುವುದು ಇನ್ನೊಂದು ವಿಷಯ. ಪಂಪ್‌ವೆಲ್‌ನಲ್ಲಿ ಧರ್ಮಸ್ಥಳ, ಪುತ್ತೂರಿನ ಬಸ್ಸಿಗೆ ಕಾಯುವವರು ಇವತ್ತಿಗೂ ರಸ್ತೆ ಬದಿಯಲ್ಲೇ ನಿಲ್ಲುತ್ತಾರೆ. ಜೂನ್ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಗು, ಬಸ್ಸಿನ ಬೋರ್ಡ್ ಓದುವಷ್ಟರಲ್ಲಿ ಚಕ್ರದ ಕೆಸರು ಮೊಣಕಾಲಿಗೆ. ಅವರಿಗೆ ಬೇಕಾಗಿರುವುದು ಒಂದು ಉದ್ದನೆಯ ಮಾಡು, ಒಂದು ಶೌಚಾಲಯ. ಅದಕ್ಕೆ ಮಾಲ್ ಬರುವವರೆಗೆ ಯಾಕೆ ಕಾಯಬೇಕು?

ಇನ್ನು ಈಗ ಪೇಟೆ ನಡುವಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದವರೆಗೆ ಬರುವ ಖಾಸಗಿ ಬಸ್ಸುಗಳನ್ನು ನಿಜವಾಗಿ ಅಲ್ಲಿಗೆ ಕಳಿಸಿದರೆ ಬೇರೆಯೇ ಜಗಳ ಶುರುವಾಗುತ್ತದೆ. ಪೇಟೆಗೆ ಬರುವವರು ಪಂಪ್‌ವೆಲ್‌ನಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. ಕಂಡಕ್ಟರುಗಳ ಬಾಯಲ್ಲಿ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ನಿಲ್ಲುವುದು ಅಷ್ಟು ಸುಲಭ ಅಂತ ನನಗೆ ಅನಿಸುವುದಿಲ್ಲ.