ತೂಗುಗತ್ತಿ ಕರಗದಿಂದ ಬಂದದ್ದೇ?

‘ತೂಗುಗತ್ತಿ’ ಎಂಬ ಮಾತು ನಮ್ಮ ಕೋಲಾರದ ಕಡೆಯ ಕರಗ ಉತ್ಸವದಲ್ಲಿ ಕತ್ತಿ ಹಿಡಿದು ಕರಗದ ಜೊತೆ ನಡೆಯುವ ವೀರಕುಮಾರರಿಂದ ಹುಟ್ಟಿತೇ, ಒಂದೇ ಸಂಘದ ಇಬ್ಬರು ಯಜಮಾನರ ಜಗಳಕ್ಕೆ ಯಾವ ಗಾದೆ ಹೊಂದುತ್ತದೆ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ, ಇಲ್ಲ. ವೀರಕುಮಾರರು ಕತ್ತಿಯನ್ನು ತೂಗುಹಾಕುವುದಿಲ್ಲ, ಎದೆಗೆ ತಾಕಿಸಿಕೊಂಡು ಅಲಗು ಸೇವೆ ಮಾಡುತ್ತಾರೆ. ತೂಗುಗತ್ತಿ ಸಿಸಿಲಿಯ ಸಿರಾಕ್ಯೂಸ್ ನಗರದ ಕಥೆ. ದೊರೆ ಡಯೊನೀಸಿಯಸ್‌ನ ಸುಖವನ್ನು ಹೊಗಳಿದ ಡಾಮೊಕ್ಲಿಸ್‌ನನ್ನು ಔತಣಕ್ಕೆ ಕೂರಿಸಿ, ತಲೆಯ ಮೇಲೆ ಕುದುರೆಯ ಒಂದೇ ಕೂದಲಿನಿಂದ ಕತ್ತಿ ಇಳಿಬಿಟ್ಟರಂತೆ. ರೋಮಿನ ವಾಗ್ಮಿ ಸಿಸೆರೊ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಪತ್ರಿಕೆಗಳು ಗುಮಾಸ್ತರ ವರ್ಗಾವಣೆಗೂ ಇದನ್ನೇ ಬಳಸಿ ಮೊಂಡು ಮಾಡಿವೆ, ಅದು ಬೇರೆ ಮಾತು.

ಯಜಮಾನರಿಗೆ ‘ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು’ ಎನ್ನಿ. ಮುಳಬಾಗಿಲು, ಚಿಂತಾಮಣಿಯ ತೆಲುಗು ಮನೆಮಾತಿನವರಿಗೆ ‘ಒಕ ಒರಲೋ ರೆಂಡು ಕತ್ತುಲು ಇಮಡವು’ ಎಂದರೆ ಇನ್ನೂ ಚೆನ್ನಾಗಿ ನಾಟುತ್ತದೆ. ಈ ಗಾದೆ ಯಾವ ಕತ್ತಿಯನ್ನೂ ಕೆಟ್ಟದ್ದೆನ್ನುವುದಿಲ್ಲ, ಒರೆ ಸಾಲದು ಎನ್ನುತ್ತದೆ ಅಷ್ಟೇ. ಹಾಗಾಗಿ ಇಬ್ಬರೂ ಎದುರಿಗಿರುವಾಗಲೇ ಹೇಳಬಹುದು. ‘ಕತ್ತಿ ಮಸೆಯುತ್ತಿದ್ದಾರೆ’ ಎಂದು ಮಾತ್ರ ಹೇಳಬೇಡಿ. ಅದು ಹಗೆಯ ಆರೋಪ. ಸಭೆ ಅಲ್ಲಿಗೇ ಮುರಿಯುತ್ತದೆ.