ರಕ್ತದ ಮಾತು ಬಿಟ್ಟು ಆ ಮನೆಯೊಳಗೆ ಹೋಗಿ

ಪ್ರಿಯ ಲೇಖಕರೇ,

ಜಪಾನಿನ ಸುಮೋ ಪೈಲ್ವಾನ ತಕಾನೊಹಾನಾ ಕೋಜಿ ಅವರನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಇಂಥ ವಸ್ತು ಕನ್ನಡಕ್ಕೆ ಬರಲೇಬೇಕೆಂಬ ಆಸೆ ನನಗಿದೆ. ಅದಕ್ಕಾಗಿಯೇ ಈ ದೀರ್ಘ ಉತ್ತರ.

‘ಕುಸ್ತಿ ಅವರ ರಕ್ತದಲ್ಲೇ ಇತ್ತು’ ಎಂದು ಆರಂಭಿಸಿ, ಪ್ರತಿ ಗೆಲುವಿಗೂ ಅದನ್ನೇ ಕಾರಣವಾಗಿ ಹೇಳಿದ್ದೀರಿ. ದೊಡ್ಡಪ್ಪ ಮೊದಲನೆಯ ವಾಕಾನೊಹಾನಾ 45ನೆಯ ಯೊಕೊಜುನಾ, ಅಂದರೆ ಸುಮೋದ ಅತ್ಯುನ್ನತ ಪದವಿ ಪಡೆದವರು. ತಂದೆ ಅದಕ್ಕೆ ಒಂದೇ ಮೆಟ್ಟಿಲು ಕೆಳಗಿನ ಓಜೆಕಿ ಪದವಿಯಲ್ಲಿ 50 ಪಂದ್ಯಾವಳಿಗಳ ಕಾಲ ಉಳಿದವರು. ಎಲ್ಲವೂ ರಕ್ತದಿಂದಲೇ ಬರುವುದಾದರೆ ತಂದೆ ಏಕೆ ಆ ಮೆಟ್ಟಿಲು ಹತ್ತಲಿಲ್ಲ? ಈ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ ಲೇಖನವೇ ಬೇರೆಯಾಗುತ್ತಿತ್ತು.

ನಿಜವಾದ ಕಥೆಯನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘1988ರಲ್ಲಿ ಅಣ್ಣ ಮಸಾರು ಜೊತೆ ತಂದೆಯ ತರಬೇತಿ ಮನೆ ಸೇರಿದರು.’ ಆಗ ಕೋಜಿಗೆ 15, ಮಸಾರುಗೆ 17. ಕುಟುಂಬ ವಾಸವಾಗಿದ್ದದ್ದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಹುಡುಗರು ಹಾಸಿಗೆ ಬಟ್ಟೆ ಹೊತ್ತು ಕೆಳಗಿಳಿದು, ಉಳಿದ ಶಿಷ್ಯರು ಮಲಗುವ ದೊಡ್ಡ ಕೋಣೆಗೆ ಬಂದರು. ಅಂದಿನಿಂದ ಅಪ್ಪನನ್ನು ಅಪ್ಪ ಎನ್ನುವಂತಿಲ್ಲ, ಒಯಾಕಾತಾ, ಅಂದರೆ ತರಬೇತಿ ಮನೆಯ ಗುರು, ಎನ್ನಬೇಕು. ಅಮ್ಮನೂ ಆ ಮನೆಯ ಯಜಮಾನಿ ಮಾತ್ರ. ಒಂದೇ ಸೂರಿನಡಿ ಇದ್ದು ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ಇವರು. ಆ ತಂದೆಯೂ ಹಿಂದೆ ತನಗಿಂತ 22 ವರ್ಷ ಹಿರಿಯನಾದ ಸ್ವಂತ ಅಣ್ಣನ ಶಿಷ್ಯನಾಗಿಯೇ ಬೆಳೆದವರು. ವಂಶದಲ್ಲಿ ಇಳಿದುಬಂದದ್ದು ಈ ಕಠಿಣ ಪದ್ಧತಿ. ಇದಕ್ಕೆ ಎರಡು ಪುಟ ಕೊಡಿ.

1992ರ ಜನವರಿಯಲ್ಲಿ 19ರ ಕೋಜಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ, ಚಕ್ರವರ್ತಿಯ ಬಟ್ಟಲನ್ನು ಕೈಗಿತ್ತವರು ಸುಮೋ ಸಂಘದ ಅಧ್ಯಕ್ಷರಾಗಿದ್ದ ದೊಡ್ಡಪ್ಪ. ‘ಅವಿಸ್ಮರಣೀಯ’, ‘ರೋಮಾಂಚಕ’ ಎಂಬ ವಿಶೇಷಣಗಳನ್ನು ಹೊಡೆದುಹಾಕಿ. ಕೊಟ್ಟವರು ಯಾರು, ಪಡೆದವರು ಯಾರು ಎಂದಷ್ಟೇ ಹೇಳಿದರೆ ಸಾಕು.

ಒಂದು ಕಡೆ ನನಗೆ ಸಿಟ್ಟೇ ಬಂತು. ಸಾಮಾನ್ಯ ಪಂದ್ಯಗಳಲ್ಲಿ ಸಹೋದರರನ್ನು ಎದುರುಬದುರು ನಿಲ್ಲಿಸುವುದಿಲ್ಲ. ಅಗ್ರಸ್ಥಾನದಲ್ಲಿ ಸಮಬಲವಾದರೆ ಮಾತ್ರ ನಿರ್ಣಾಯಕ ಪಂದ್ಯ. 1995ರ ನವೆಂಬರಿನಲ್ಲಿ ಫುಕುಓಕಾದಲ್ಲಿ ಅದೇ ಆಯಿತು, ಅಣ್ಣ ಗೆದ್ದರು. ‘ತಮ್ಮ ಬೇಕೆಂದೇ ಸೋತ’ ಎಂದು ನೀವು ಬರೆದಿದ್ದೀರಿ. ಅದಕ್ಕೆ ನಿಮ್ಮ ಬಳಿ ಯಾವ ಆಧಾರವಿದೆ? ಬದುಕಿರುವ ಮನುಷ್ಯರ ಮರ್ಯಾದೆಯ ಪ್ರಶ್ನೆ ಇದು. ಆ ಸಾಲು ಹೋಗಲೇಬೇಕು.

ಮೊಣಕಾಲಿನ ಗಾಯದೊಂದಿಗೇ ಸೆಣಸಿ ಪಡೆದ 2001ರ ಮೇ ತಿಂಗಳ ಗೆಲುವು, ಪ್ರಧಾನಿ ಕೊಯಿಜುಮಿ ಅವರ ಮೆಚ್ಚುಗೆ: ಇಲ್ಲಿಗೆ ಚಪ್ಪಾಳೆಯೊಂದಿಗೆ ಮುಗಿಸಿದ್ದೀರಿ. ಮುಂದಿನ ಏಳು ಪಂದ್ಯಾವಳಿಗಳಿಗೆ ಅವರು ಇಳಿಯಲೇ ಇಲ್ಲ. 2002ರ ಸೆಪ್ಟೆಂಬರಿನಲ್ಲಿ ಮರಳಿ 12 ಪಂದ್ಯ ಗೆದ್ದರು. 2003ರ ಜನವರಿಯಲ್ಲಿ, ಮೂವತ್ತನೆಯ ವಯಸ್ಸಿಗೇ, ನಿವೃತ್ತಿ. ದೇಶವೇ ಕೊಂಡಾಡಿದ ಆ ಒಂದು ದಿನಕ್ಕೆ ಅವರ ಕಾಲು ತೆತ್ತದ್ದೇನು ಎಂಬುದನ್ನು ಓದುಗರಿಗೆ ಹೇಳದೆ ಬಿಡಬೇಡಿ.

22 ಪ್ರಶಸ್ತಿಗಳ ಪಟ್ಟಿಯನ್ನು ಪೂರ್ತಿ ತೆಗೆಯಿರಿ. 2005ರಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ನಡುವಿನ ವಿರಸ ಬಹಿರಂಗವಾದದ್ದನ್ನು ಎರಡು ಸಾಲಿನಲ್ಲಿ ಹೇಳಿ, ಕೆದಕಬೇಡಿ. ಹೊಸ ಕರಡನ್ನು ಆ ಮಹಡಿಯಿಂದಲೇ ಆರಂಭಿಸಿ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ